‘ಸುಸ್ಥಿತಿಯಲ್ಲಿ ತಲುಪಿದೆ’

ಎತ್ತು ಕೊಳ್ಳಲು ದನದ ಜಾತ್ರೆಗೆ ಹೋದ ರೈತನು ಮಾರುವವನ ಮಾತನ್ನೇ ನಂಬಿ ಹಗ್ಗ ಹಿಡಿಯುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಹತ್ತು ಹೆಜ್ಜೆ ನಡೆಯಿಸಿ ಕಾಲು ನೋಡುತ್ತಾನೆ. ಹೆಗಲ ಮೇಲೆ ಕೈಯಾಡಿಸುತ್ತಾನೆ. ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ತಟ್ಟಿ, ದನಿ ಕೇಳಿ, ಆಮೇಲೆ ಬೆಲೆ ಮಾತನಾಡುತ್ತಾಳೆ. ಇವರು ಇದನ್ನು ಯಾವ ಪಠ್ಯಪುಸ್ತಕದಿಂದಲೂ ಕಲಿತವರಲ್ಲ. ಆದರೆ ಭೌತವಿಜ್ಞಾನವನ್ನು ಬೋಧಿಸುವ ಮತ್ತು ಕಲಿಯುವ ನಾವು, ನಮ್ಮ ಕಾಲೇಜಿಗೆ ಹೊಸ ಯಂತ್ರವೊಂದು ಬಂದಾಗ ಮಾಡುವುದೇನು? ಪೆಟ್ಟಿಗೆಗಳನ್ನು ಎಣಿಸಿ, ದಾಸ್ತಾನು ಪುಸ್ತಕದಲ್ಲಿ ‘ಸುಸ್ಥಿತಿಯಲ್ಲಿ ತಲುಪಿದೆ’ ಎಂದು ಬರೆದು ಸಹಿ ಮಾಡುತ್ತೇವೆ. ಆಯುಧಪೂಜೆಯ ದಿನ ಕುಂಕುಮ ಹಚ್ಚಿ ಹೂವಿನ ಮಾಲೆ ಹಾಕುತ್ತೇವೆ.

ಪೂಜೆಗೆ ನನ್ನ ಆಕ್ಷೇಪಣೆಯಿಲ್ಲ. ಆಕ್ಷೇಪಣೆಯಿರುವುದು ಆ ಸಹಿಗೆ. ಏತಕ್ಕೆಂದರೆ ‘ಸುಸ್ಥಿತಿ’ ಎಂಬುದು ಅಳತೆಯ ಮಾತು. ಅಳೆಯದೆ ಅದನ್ನು ಬರೆಯುವುದು ತಕ್ಕಡಿಗೆ ಇಡದೆ ತೂಕ ಬರೆದಂತೆ. ಹೊಸ ಯಂತ್ರವನ್ನು ಅಳೆದು ನೋಡಿದ ಹೊರತು ಒಪ್ಪಿಕೊಳ್ಳಬಾರದು. ಆ ಅಳತೆಯನ್ನು ಉಪಾಧ್ಯಾಯರ ಸಮಕ್ಷಮದಲ್ಲಿ ವಿದ್ಯಾರ್ಥಿಗಳೇ ಮಾಡಬೇಕು. ಅದನ್ನು ಪ್ರಾಯೋಗಿಕ ತರಗತಿಯ ಒಂದು ಪಾಠವೆಂದೇ ಎಣಿಸಬೇಕು. ಈ ಲೇಖನದ ವಾದ ಇಷ್ಟೆ.

ಮಾತು ಬರಿಯ ಉಪದೇಶವಾಗದಿರಲೆಂದು ಒಂದು ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೇಜಿನ ಮೇಲೆ ನಿಲ್ಲಿಸಿ ಬಳಸುವ ಚಿಕ್ಕ ಮಿಲ್ಲಿಂಗ್ ಯಂತ್ರ ಅದು. ಲೇತಿನಲ್ಲಿ ಲೋಹದ ತುಂಡು ತಿರುಗುತ್ತದೆ, ಉಳಿಯು ತಿರುಗುವುದಿಲ್ಲ. ಮಿಲ್ಲಿಂಗ್ ಯಂತ್ರದಲ್ಲಿ ತಿರುಗುವುದು ಹಲ್ಲುಗಳುಳ್ಳ ಕಟರು. ಅದು ಸ್ಪಿಂಡಲ್ ಎಂಬ ಕದಿರಿನ ತುದಿಯಲ್ಲಿ ಬಿಗಿದಿರುತ್ತದೆ. ಲೋಹದ ತುಂಡನ್ನು ಹಿಡಿದ ಮೇಜು, ತಿರುಪುಗಳ ಸಹಾಯದಿಂದ ಎಡಬಲಕ್ಕೂ ಹಿಂದುಮುಂದಕ್ಕೂ ಸರಿಯುತ್ತದೆ. ಕದಿರನ್ನು ಹೊತ್ತ ತಲೆಯು ಕಂಬದ ಮೇಲೆ ಏರಿಳಿಯುತ್ತದೆ. ಈ ಬಗೆಯ ಯಂತ್ರಗಳಲ್ಲಿ ಚಿಕ್ಕವು ಸುಮಾರು 50ರಿಂದ 60 ಕಿಲೋಗ್ರಾಂ ತೂಗುತ್ತವೆ. ಮಾದರಿ ಉಗಿಯಂತ್ರಗಳನ್ನು ಮಾಡುವ ಹವ್ಯಾಸಿಗಳು, ದೂರದರ್ಶಕದ ಬಿಡಿಭಾಗಗಳನ್ನು ತಾವೇ ಮಾಡಿಕೊಳ್ಳುವ ಖಗೋಳಪ್ರೇಮಿಗಳು, ಕಾಲೇಜುಗಳ ಕಾರ್ಯಾಗಾರಗಳು ಇವನ್ನು ಕೊಳ್ಳುವುದುಂಟು. ಇವುಗಳಲ್ಲಿ ಅನೇಕವು ಚೀನಾದೇಶದಲ್ಲಿ ತಯಾರಾಗಿ, ಬೇರೆ ಬೇರೆ ಬಣ್ಣ ಬಳಿದುಕೊಂಡು, ಬೇರೆ ಬೇರೆ ಹೆಸರುಗಳಿಂದ ಜಗತ್ತಿನಾದ್ಯಂತ ಮಾರಾಟವಾಗುತ್ತವೆ. ಬೆಲೆ ಕಡಮೆಯಾಗಿರುವುದಕ್ಕೆ ಒಂದು ಕಾರಣ, ಕೊನೆಯ ಹೊಂದಿಕೆ ಮತ್ತು ತಪಾಸಣೆಯಲ್ಲಿ ಮಾಡಿದ ಉಳಿತಾಯ. ಅಲ್ಲಿ ಬಿಟ್ಟ ಕೆಲಸ ಕೊಳ್ಳುವವನ ಪಾಲಿಗೆ ಬರುತ್ತದೆ.

ಪರೀಕ್ಷೆಗೆ ಕೈಹಾಕುವ ಮೊದಲು ಮೂರು ಮಾತುಗಳನ್ನು ಬೇರೆಬೇರೆಯಾಗಿ ತಿಳಿಯಬೇಕು: ಏಟು, ದೋಷ, ಮಿತಿ. ದಾರಿಯಲ್ಲಿ ಲಾರಿಯ ಕುಲುಕಾಟದಿಂದಲೋ ಇಳಿಸುವವರ ಅವಸರದಿಂದಲೋ ಆದುದು ಏಟು. ಕಾರ್ಖಾನೆಯಲ್ಲೇ ಉಳಿದು ಬಂದದ್ದು ದೋಷ. ಇವೆರಡೂ ಇಲ್ಲದಿದ್ದರೂ ಯಂತ್ರದ ಗಾತ್ರ, ವಿನ್ಯಾಸ, ಬೆಲೆ ಇವುಗಳಿಂದಲೇ ಬರುವುದು ಮಿತಿ. ಏಟಿಗೆ ಸಾಗಿಸಿದವರನ್ನೂ ದೋಷಕ್ಕೆ ಮಾರಿದವರನ್ನೂ ಕೇಳಬಹುದು. ಮಿತಿಗೆ ಯಾರನ್ನೂ ಕೇಳುವಂತಿಲ್ಲ. ಅದನ್ನು ಅರಿತು ನಡೆಯಬೇಕಾದವರು ನಾವೇ. ಮೂರನ್ನೂ ಕಲಸಿಬಿಟ್ಟರೆ, ಒಳ್ಳೆಯ ಯಂತ್ರವನ್ನು ವೃಥಾ ದೂರುತ್ತೇವೆ, ಇಲ್ಲವೆ ಕೆಟ್ಟ ಯಂತ್ರವನ್ನು ವರ್ಷಗಟ್ಟಲೆ ಸಹಿಸುತ್ತೇವೆ.

ಏಟನ್ನು ಹುಡುಕುವ ಕೆಲಸ ಪೆಟ್ಟಿಗೆ ತೆರೆಯುವ ಮೊದಲೇ ಆರಂಭವಾಗಬೇಕು. ಪೆಟ್ಟಿಗೆಯ ಎಲ್ಲ ಮಗ್ಗುಲುಗಳ ಛಾಯಾಚಿತ್ರ ತೆಗೆದಿಡಬೇಕು. ಹಲಗೆ ಮುರಿದಿದ್ದರೆ, ಮೂಲೆ ಜಜ್ಜಿದ್ದರೆ, ನೀರಿನ ಕಲೆಯಿದ್ದರೆ ಅದನ್ನು ಸರಕು ತಂದವನ ಎದುರಿನಲ್ಲೇ ರಸೀತಿಯ ಮೇಲೆ ಬರೆಯಬೇಕು. ನಾಳೆ ಬರೆದ ಮಾತಿಗೆ ಬೆಲೆ ಕಡಮೆ. ತೆರೆದ ಮೇಲೆ, ತುಕ್ಕು ಹಿಡಿಯದಂತೆ ಬಳಿದ ಜಿಡ್ಡನ್ನು ಸೀಮೆಎಣ್ಣೆಯಿಂದ ಒರೆಸಿ ನೋಡಬೇಕು. ಹೊರಕ್ಕೆ ಚಾಚಿಕೊಂಡ ಭಾಗಗಳು ಮೊದಲು ಪೆಟ್ಟು ತಿನ್ನುವುದರಿಂದ ಕೈಚಕ್ರಗಳನ್ನು ವಿಶೇಷವಾಗಿ ಗಮನಿಸಬೇಕು. ಚಕ್ರವನ್ನು ತಿರುಗಿಸುವಾಗ ಪ್ರತಿ ಸುತ್ತಿನಲ್ಲೂ ಒಂದೆಡೆ ಬಿಗಿ, ಒಂದೆಡೆ ಸಡಿಲ ಎಂದು ತೋರಿದರೆ ತಿರುಪಿನ ತುದಿ ಬಾಗಿರಬಹುದೆಂದು ಸಂದೇಹಪಡಬೇಕು.

ಯಂತ್ರದ ಪೀಠ, ಕಂಬ, ಮೇಜು ಇವೆಲ್ಲ ಬೀಡು ಕಬ್ಬಿಣದವು. ಬೀಡು ಕಬ್ಬಿಣವು ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಅದರೊಳಗಿರುವ ಗ್ರಾಫೈಟಿನ ಎಸಳುಗಳು ಕಂಪನವನ್ನು ಅಡಗಿಸುತ್ತವೆ. ಆದರೆ ಎಳೆತಕ್ಕೆ ಅದು ದುರ್ಬಲ. ಬಾಗುವ ಬದಲು ಬಿರಿಯುತ್ತದೆ. ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಕಂಡರೆ ಅದು ಬಣ್ಣದ್ದೋ ಲೋಹದ್ದೋ ಹೇಗೆ ತಿಳಿಯುವುದು? ಮಡಕೆಯಂತೆ ತಟ್ಟಿ ನೋಡುವ ಉಪಾಯ ಇಲ್ಲಿ ಸಾಲದು, ಗ್ರಾಫೈಟು ದನಿಯನ್ನೂ ಅಡಗಿಸುತ್ತದೆ. ಅದಕ್ಕೆ ಬೇರೊಂದು ಹಳೆಯ ಉಪಾಯವಿದೆ. ಅಷ್ಟು ಜಾಗದ ಬಣ್ಣ ಕೆರೆದು, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕಿದ್ದರೆ, ಕೇಶಾಕರ್ಷಣೆಯಿಂದ ಒಳಹೊಕ್ಕ ಎಣ್ಣೆಯು ಅದೇ ಕೇಶಾಕರ್ಷಣೆಯಿಂದ ಪುಡಿಯೊಳಕ್ಕೆ ಏರಿ, ಬಿಳುಪಿನ ಮೇಲೆ ಒದ್ದೆಯ ಗೆರೆಯನ್ನು ಬರೆದು ತೋರಿಸುತ್ತದೆ. ಗಾಜಿನ ನಳಿಗೆಯಲ್ಲಿ ನೀರು ಏರುವುದನ್ನು ನೋಡಿ ಅಂಕ ಗಳಿಸಿದ ವಿದ್ಯಾರ್ಥಿಗೆ, ಅದೇ ತತ್ತ್ವವು ಒಂದು ಯಂತ್ರವನ್ನು ಹಿಂದಕ್ಕೆ ಕಳುಹಿಸಬಲ್ಲದು ಎಂದು ತಿಳಿಯುವುದು ಸಣ್ಣ ಲಾಭವಲ್ಲ.

ವಿದ್ಯುತ್ತಿನ ವಿಷಯದಲ್ಲಿ ತಡಮಾಡುವಂತಿಲ್ಲ. ಇಲ್ಲಿ ಪಣಕ್ಕಿರುವುದು ಪ್ರಾಣ. ಫಲಕದ ಮೇಲೆ ಬರೆದಿರುವುದು ನಮ್ಮ ದೇಶದ 230 ವೋಲ್ಟೇ, ಬೇರೆ ದೇಶದ 110 ವೋಲ್ಟೇ ಎಂಬುದನ್ನು ಮೊದಲು ಓದಬೇಕು. ಪ್ಲಗ್ಗನ್ನು ಗೋಡೆಗೆ ಸಿಕ್ಕಿಸುವ ಮುನ್ನ, ಅದರ ಭೂಸಂಪರ್ಕದ ಕಡ್ಡಿಗೂ ಯಂತ್ರದ ಬರಿಯ ಲೋಹಕ್ಕೂ ನಡುವೆ ರೋಧ ತೀರ ಕಡಮೆಯಿದೆಯೇ ಎಂದು ಮಲ್ಟಿಮೀಟರಿನಿಂದ ನೋಡಬೇಕು. ಸಾಗಣೆಯಲ್ಲಿ ತಂತಿಯೊಂದು ಕಳಚಿರುವುದು ಹೊರಗೆ ಕಾಣುವುದಿಲ್ಲ. ತುರ್ತು ನಿಲುಗಡೆಯ ಗುಂಡಿಯನ್ನು, ಕಟರು ಹಾಕುವ ಮೊದಲು, ಬರಿಯ ಕದಿರು ತಿರುಗುತ್ತಿರುವಾಗಲೇ ಒತ್ತಿ ನೋಡಬೇಕು.

ಇನ್ನು ದೋಷದ ಮಾತು. ಇದಕ್ಕೆ ಕಣ್ಣು ಸಾಲದು, ಡಯಲ್ ಗೇಜು ಬೇಕು. ಇದರ ಮೊನೆ ಸ್ವಲ್ಪ ಒಳಕ್ಕೆ ಸರಿದರೆ ಮುಳ್ಳು ತಿರುಗಿ 0.01 ಮಿ.ಮೀ.ವರೆಗೆ ತೋರಿಸುತ್ತದೆ. ತಲೆಗೂದಲಿನ ದಪ್ಪ ಸುಮಾರು 0.05ರಿಂದ 0.1 ಮಿ.ಮೀ. ಎಂಬುದನ್ನು ನೆನೆದರೆ ಈ ಸೂಕ್ಷ್ಮತೆಯ ಅರಿವಾಗುತ್ತದೆ. ಗೇಜನ್ನು ಮೊದಲು ಪರೀಕ್ಷಿಸಬೇಕು: ಮೊನೆಯನ್ನು ಹತ್ತು ಸಲ ಎತ್ತಿ ಇಳಿಸಿದಾಗ ಮುಳ್ಳು ಹತ್ತು ಸಲವೂ ಅದೇ ಗೆರೆಗೆ ಮರಳಬೇಕು.

ಮೊದಲನೆಯ ಅಳತೆ ಕದಿರಿನ ಓಲಾಟ. ಕಟರನ್ನು ಹಿಡಿಯುವ ಶಂಕುವಿನಾಕಾರದ ರಂಧ್ರದ ಒಳಮೈಗೆ ಮೊನೆಯನ್ನು ತಾಗಿಸಿ, ಕದಿರನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಮುಳ್ಳು 0.01 ಮಿ.ಮೀ.ನಷ್ಟು ಓಲಾಡಿದರೆ ಸಂತೋಷಪಡಬಹುದು. 0.04 ಮಿ.ಮೀ. ಓಲಾಡಿದರೆ ಏನಾಗುತ್ತದೆ, ಲೆಕ್ಕ ಹಾಕೋಣ. ಎರಡು ಹಲ್ಲಿನ ಕಟರಿನಲ್ಲಿ ಪ್ರತಿ ಹಲ್ಲೂ 0.03 ಮಿ.ಮೀ. ದಪ್ಪದ ಲೋಹವನ್ನು ತೆಗೆಯಬೇಕೆಂದು ಮೇಜನ್ನು ನಡೆಯಿಸುತ್ತೇವೆ ಎನ್ನಿ. ಒಂದು ಸುತ್ತಿಗೆ ಒಟ್ಟು 0.06 ಮಿ.ಮೀ. ಓಲಾಟವು ಹಲ್ಲುಗಳ ನೇರಕ್ಕೇ ಬಂದರೆ ಒಂದು ಹಲ್ಲು ಇನ್ನೊಂದಕ್ಕಿಂತ 0.04 ಮಿ.ಮೀ. ಹೊರಗೆ ಚಾಚುತ್ತದೆ. ಆಗ ಅದರ ಪಾಲು 0.07 ಆಗಬೇಕು, ಇರುವುದೇ 0.06. ಅಂದರೆ ಒಂದು ಹಲ್ಲು ಎಲ್ಲ ಭಾರವನ್ನೂ ಹೊರುತ್ತದೆ, ಇನ್ನೊಂದು ಲೋಹವನ್ನು ಮುಟ್ಟುವುದೇ ಇಲ್ಲ. ಸಣ್ಣ ಕಟರು ಇಂಥ ಭಾರಕ್ಕೆ ಮುರಿಯಬಹುದು. ಮುರಿದ ಚೂರು ಎತ್ತ ಹಾರುವುದೆಂದು ಯಾರೂ ಹೇಳಲಾರರು. ಕೂದಲಿಗಿಂತ ಸಣ್ಣ ದೋಷವೊಂದು ವಿದ್ಯಾರ್ಥಿಯ ಕಣ್ಣಿನವರೆಗೆ ಬರುವ ದಾರಿ ಇದು.

ಎರಡನೆಯದು ಲಂಬತೆ. ಗೇಜನ್ನು ಒಂದು ತೋಳಿನ ಮೂಲಕ ಕದಿರಿಗೇ ಕಟ್ಟಿ, 200 ಮಿ.ಮೀ. ವ್ಯಾಸದ ವೃತ್ತದಲ್ಲಿ ಅದರ ಮೊನೆ ಮೇಜಿನ ಮೇಲೆ ಸುತ್ತುವಂತೆ ಮಾಡಬೇಕು. ಎಡಗಡೆಯ ಅಂಕಕ್ಕೂ ಬಲಗಡೆಯ ಅಂಕಕ್ಕೂ 0.08 ಮಿ.ಮೀ. ವ್ಯತ್ಯಾಸ ಬಂದರೆ, ಕದಿರು ಮೇಜಿಗೆ ಲಂಬವಾಗಿರದೆ 200ಕ್ಕೆ 0.08ರಷ್ಟು, ಎಂದರೆ ಮೀಟರಿಗೆ 0.4 ಮಿ.ಮೀ. ವಾಲಿದೆಯೆಂದು ಅರ್ಥ. ಮೇಜನ್ನು ಎಡಬಲಕ್ಕೆ ನಡೆಯಿಸಿ 50 ಮಿ.ಮೀ. ವ್ಯಾಸದ ಕಟರಿನಿಂದ ಒಂದು ಮುಖವನ್ನು ಸಪಾಟು ಮಾಡಹೊರಟರೆ, ಆ ಮುಖದ ನಡುವೆ ಸುಮಾರು 0.01 ಮಿ.ಮೀ. ಆಳದ ಹಳ್ಳ ಉಳಿಯುತ್ತದೆ. ಎಡಬಲದ ವಾಲುವಿಕೆಯನ್ನು ಕಂಬ ಓರೆಯಾಗುವಂಥ ಯಂತ್ರಗಳಲ್ಲಿ ಬೋಲ್ಟು ಸಡಲಿಸಿ ಸರಿಪಡಿಸಬಹುದು. ಹಿಂದುಮುಂದಿನದನ್ನು ಸರಿಪಡಿಸಲು ಸಾಮಾನ್ಯವಾಗಿ ಕಂಬದ ಬುಡಕ್ಕೆ ತೆಳ್ಳನೆಯ ಹಿತ್ತಾಳೆಯ ತಗಡು ಕೊಡಬೇಕಾಗುತ್ತದೆ. ಯಾವುದು ಹೊಂದಿಸಿದರೆ ಹೋಗುವ ದೋಷ, ಯಾವುದು ಹಿಂದಿರುಗಿಸಬೇಕಾದ ದೋಷ ಎಂಬ ವಿವೇಕ ಹೀಗೆ ಅಂಕೆಗಳಿಂದಲೇ ಹುಟ್ಟುತ್ತದೆ.

ಮೂರನೆಯದು ತಿರುಪಿನ ಸಡಿಲ. ಸ್ಕ್ರೂಗೇಜಿನಲ್ಲಿಯೂ ಚಲಿಸುವ ಸೂಕ್ಷ್ಮದರ್ಶಕದಲ್ಲಿಯೂ ‘ಬ್ಯಾಕ್‌ಲಾಷ್’ ದೋಷವೆಂದು ನೀವು ಬರೆದಿರುವುದು ಇದನ್ನೇ. ಕೈಚಕ್ರವನ್ನು ಹಿಮ್ಮುಖವಾಗಿ ತಿರುಗಿಸಿದಾಗ, ಸ್ವಲ್ಪ ದೂರದವರೆಗೆ ಚಕ್ರ ತಿರುಗುತ್ತದೆ, ಮೇಜು ಕದಲುವುದಿಲ್ಲ. ಇದು ಹೊಸ ಯಂತ್ರದಲ್ಲಿಯೂ ಇದ್ದೇ ಇರುತ್ತದೆ, ಏತಕ್ಕೆಂದರೆ ಸಡಿಲವೇ ಇಲ್ಲದ ಸಾಧಾರಣ ತಿರುಪು ತಿರುಗುವುದೂ ಇಲ್ಲ. ಇದು ಮಿತಿ. ಎಷ್ಟಿದೆಯೆಂದು ಅಳೆದು ಬರೆದಿಟ್ಟು, ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬರುವ ಅಭ್ಯಾಸ ಮಾಡಿಕೊಂಡರೆ ತೊಂದರೆಯಿಲ್ಲ. ಅರಿಯದಿದ್ದರೆ ಅಪಾಯವುಂಟು: ಕಟರಿನ ಹಲ್ಲು ಮೇಜು ಸರಿಯುವ ದಿಕ್ಕಿನಲ್ಲೇ ಲೋಹವನ್ನು ಎಳೆದರೆ, ಸಡಿಲವಿದ್ದಷ್ಟು ದೂರ ಮೇಜನ್ನು ತಟಕ್ಕನೆ ತನ್ನತ್ತ ಸೆಳೆದುಕೊಂಡು ಮುರಿಯುತ್ತದೆ. ಯಂತ್ರದ ಬಿಗುವೂ ಇಂಥದೇ ಮಿತಿ. ಯಂತ್ರವನ್ನು ಮೇಜಿಗೆ ಬೋಲ್ಟಿನಿಂದ ಬಿಗಿದು, ಸ್ಪ್ರಿಂಗ್ ತಕ್ಕಡಿಯಿಂದ ತಲೆಯನ್ನು 10 ಕಿಲೋಗ್ರಾಂ ಭಾರದಷ್ಟು ಎಳೆದು, ಗೇಜಿನಲ್ಲಿ ಅದು ಎಷ್ಟು ಬಾಗಿತೆಂದು ನೋಡಿದರೆ ಹುಕ್‌ನ ನಿಯಮದ ಪ್ರಯೋಗವೇ ಆಯಿತು. ನಮ್ಮ ಪ್ರಯೋಗಶಾಲೆಗಳಲ್ಲಿ ಆ ನಿಯಮವು ತೂಗುಬಿಟ್ಟ ಸ್ಪ್ರಿಂಗಿಗೆ ಮಾತ್ರ ಅನ್ವಯಿಸುವುದೆಂಬ ಭಾವನೆ ಬೆಳೆದುಬಿಟ್ಟಿದೆ. ಕಬ್ಬಿಣದ ಕಂಬವೂ ಸ್ಪ್ರಿಂಗೇ ಎಂದು ವಿದ್ಯಾರ್ಥಿಗಳು ತಿಳಿಯಬೇಡವೆ?

ಇದನ್ನೆಲ್ಲ ಒಪ್ಪದವರು ಮೂರು ಆಕ್ಷೇಪಣೆಗಳನ್ನು ತರುತ್ತಾರೆ. ಅವು ಅಲ್ಲಗಳೆಯುವಂಥ ಹಗುರ ಮಾತುಗಳಲ್ಲ.

ಒಂದನೆಯದು: “ಯಂತ್ರಕ್ಕಿಂತ ನಿಖರವಾದ ಸಾಧನ ನಮ್ಮಲ್ಲಿ ಇಲ್ಲದಿರುವಾಗ ಯಂತ್ರವನ್ನು ಅಳೆಯುವುದು ಹೇಗೆ?” ಇದಕ್ಕೆ ಉತ್ತರವು ಭೌತವಿಜ್ಞಾನದ ಅತ್ಯಂತ ಸೊಗಸಾದ ಉಪಾಯಗಳಲ್ಲೊಂದು. ರಸಮಟ್ಟವೊಂದನ್ನು ಮೇಜಿನ ಮೇಲಿಟ್ಟಾಗ ಗುಳ್ಳೆ ಪೂರ್ವಕ್ಕೆ 3 ಗೆರೆ ಸರಿಯಿತೆನ್ನಿ. ರಸಮಟ್ಟವನ್ನು ತುದಿಮೊದಲಾಗಿ ತಿರುಗಿಸಿಟ್ಟಾಗ ಪೂರ್ವಕ್ಕೆ 1 ಗೆರೆ ಮಾತ್ರ ಸರಿಯಿತು. ಮೇಜಿನ ಓರೆ ಬದಲಾಗಿಲ್ಲ. ರಸಮಟ್ಟದ ಸ್ವಂತ ದೋಷ ಮಾತ್ರ ದಿಕ್ಕು ಬದಲಾಯಿಸಿದೆ. ಆದುದರಿಂದ ಎರಡು ಅಂಕಗಳನ್ನು ಕೂಡಿ ಅರ್ಧ ಮಾಡಿದರೆ ಮೇಜಿನ ನಿಜವಾದ ಓರೆ, 2 ಗೆರೆ. ಕಳೆದು ಅರ್ಧ ಮಾಡಿದರೆ ರಸಮಟ್ಟದ ದೋಷ, 1 ಗೆರೆ. ಸೊಟ್ಟ ಸಾಧನವೊಂದು ತನ್ನ ಸೊಟ್ಟನ್ನೂ ಇನ್ನೊಂದರ ಸೊಟ್ಟನ್ನೂ ಒಟ್ಟಿಗೆ ಹೇಳಿಬಿಟ್ಟಿತು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತನು 1840ರಲ್ಲಿ ಗ್ಲಾಸ್ಗೋ ನಗರದ ವಿಜ್ಞಾನ ಸಭೆಯಲ್ಲಿ ವಿವರಿಸಿದ ಸಮತಲಗಳ ತಯಾರಿಕೆಯೂ ಇದೇ ಜಾತಿಯದು. ಎರಡು ಲೋಹದ ಹಲಗೆಗಳು ಒಂದಕ್ಕೊಂದು ಸರಿಹೊಂದಿದರೆ ಸಾಲದು. ಒಂದು ಉಬ್ಬಿ ಇನ್ನೊಂದು ತಗ್ಗಿರಬಹುದು. ಮೂರು ಹಲಗೆಗಳನ್ನು ಎರಡೆರಡಾಗಿ ಹೊಂದಿಸಿ ಕೆರೆಯುತ್ತ ಹೋದರೆ, ಎಲ್ಲ ಜೋಡಿಗಳೂ ಹೊಂದುವುದು ಮೂರೂ ಸಮತಲವಾದಾಗ ಮಾತ್ರ. ನಿಖರತೆಯನ್ನು ಹೊರಗಿನಿಂದ ಎರವಲು ತರದೆ, ಹೋಲಿಕೆಯಿಂದಲೇ ಹುಟ್ಟಿಸಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಎರಡನೆಯದು: “ತಯಾರಕರ ತಪಾಸಣಾ ಪತ್ರವಿದೆ, ಖಾತರಿಯಿದೆ, ಮತ್ತೆ ಅಳೆಯುವುದು ಅಪನಂಬಿಕೆಯಲ್ಲವೆ?” ಹಬಲ್ ದೂರದರ್ಶಕದ ಕಥೆ ಇದಕ್ಕೆ ಉತ್ತರ. 1990ರ ಏಪ್ರಿಲ್ ತಿಂಗಳಲ್ಲಿ ಆಕಾಶಕ್ಕೇರಿದ ಈ ದೂರದರ್ಶಕದ 2.4 ಮೀಟರ್ ವ್ಯಾಸದ ಕನ್ನಡಿ, ಅಂಚಿನಲ್ಲಿ ಸುಮಾರು 0.002 ಮಿ.ಮೀ.ನಷ್ಟು ಹೆಚ್ಚು ಚಪ್ಪಟೆಯಾಗಿತ್ತು. ಕಾರಣ, ಕನ್ನಡಿಯನ್ನು ಪರೀಕ್ಷಿಸಿದ ಸಾಧನದಲ್ಲೇ ಒಂದು ಮಸೂರ 1.3 ಮಿ.ಮೀ. ಸ್ಥಳ ತಪ್ಪಿ ಕುಳಿತಿತ್ತು. ಬೇರೆ ಎರಡು ಸಾಧನಗಳು ದೋಷವಿದೆಯೆಂದು ತೋರಿಸಿದ್ದವು. ಆದರೆ ಅವು ಕಡಮೆ ನಿಖರವೆಂದು ಅವುಗಳ ಸಾಕ್ಷ್ಯವನ್ನು ಬದಿಗಿಡಲಾಯಿತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸುವವರೆಗೆ ಅದರ ಚಿತ್ರಗಳು ಮಸುಕಾಗಿಯೇ ಇದ್ದವು. ಅಲ್ಲಿ ಪತ್ರಗಳಿಗೂ ಸಹಿಗಳಿಗೂ ಕೊರತೆಯಿರಲಿಲ್ಲ. ಸ್ವತಂತ್ರವಾದ ಎರಡನೆಯ ಅಳತೆಯನ್ನು ಗೌರವಿಸುವ ಮನಸ್ಸಿಗೆ ಮಾತ್ರ ಕೊರತೆಯಿತ್ತು. ಮೇಲಾಗಿ, ಒಪ್ಪಿಕೊಳ್ಳುವ ಮೊದಲು ಅಳೆಯುವುದು ಯಂತ್ರೋದ್ಯಮದಲ್ಲಿ ಅವಮಾನವಲ್ಲ, ಮರ್ಯಾದೆಯ ಕ್ರಮ. ಜರ್ಮನಿಯ ಗೇಯೋರ್ಗ್ ಶ್ಲೆಸಿಂಗರರು 1927ರಲ್ಲಿ ಇಂಥ ಪರೀಕ್ಷೆಗಳನ್ನೂ ಅವುಗಳ ಮಿತಿಗಳನ್ನೂ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಇಂದಿನ ಅಂತರರಾಷ್ಟ್ರೀಯ ಮಾನಕಗಳು ಅದೇ ದಾರಿಯಲ್ಲಿ ಬೆಳೆದವು. ನಮ್ಮ ನಾಡಿಗೂ ಇದು ಹೊಸದಲ್ಲ. ಹರಿಹರದಲ್ಲಿ 1941ರಲ್ಲಿ ಲೇತು ತಯಾರಿಸುವ ಕಾರ್ಖಾನೆ ಹುಟ್ಟಿತು. ಬೆಂಗಳೂರಿನಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. 1962ರಲ್ಲಿ ಅದೇ ನಗರದಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಒಂದು ಕೇಂದ್ರ ಸಂಸ್ಥೆ ಆರಂಭವಾಯಿತು. ಡಯಲ್ ಗೇಜು ಹಿಡಿದು ಯಂತ್ರವನ್ನು ಪರೀಕ್ಷಿಸುವ ಕೆಲಸದಿಂದಲೇ ಜೀವನ ಸಾಗಿಸಿದ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಅವರ ಮಕ್ಕಳು ಓದುವ ಕಾಲೇಜಿನಲ್ಲಿ ಯಂತ್ರವನ್ನು ನೋಡದೆ ಸಹಿ ಮಾಡುವುದು ವಿಷಾದದ ಸಂಗತಿ.

ಮೂರನೆಯದು: “ಪಾಠ ಮುಗಿಸಲೇ ಸಮಯವಿಲ್ಲ.” ಈ ಮಾತಿನಲ್ಲಿ ಸತ್ಯವಿದೆ. ಆದರೆ ಮೇಲೆ ಹೇಳಿದ ಪರೀಕ್ಷೆಗಳನ್ನು ಇನ್ನೊಮ್ಮೆ ನೋಡಿ: ಕೇಶಾಕರ್ಷಣೆ, ರೋಧ, ಸ್ಥಿತಿಸ್ಥಾಪಕತೆ, ಉಪಕರಣದ ದೋಷ ಎಲ್ಲವೂ ಪಾಠಪಟ್ಟಿಯಲ್ಲೇ ಇವೆ. ಉಷ್ಣದಿಂದ ಘನವಸ್ತುಗಳು ಹಿಗ್ಗುವ ಪಾಠವೂ ಇಲ್ಲಿದೆ. ಉದ್ದದ ಅಳತೆಗೆ ಜಗತ್ತು ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಅದು 40 ಡಿಗ್ರಿ ಮುಟ್ಟುವುದುಂಟು. ಮೀಟರು ಉದ್ದದ ಉಕ್ಕು ಡಿಗ್ರಿಗೆ ಸುಮಾರು 0.012 ಮಿ.ಮೀ. ಹಿಗ್ಗುವುದರಿಂದ, 200 ಮಿ.ಮೀ. ಉದ್ದದ ತುಂಡು ಅಲ್ಲಿ ಸುಮಾರು 0.05 ಮಿ.ಮೀ. ಹೆಚ್ಚು ಉದ್ದವಾಗಿರುತ್ತದೆ. ಕಿಟಕಿಯ ಬಿಸಿಲು ಕಂಬದ ಒಂದು ಮಗ್ಗುಲಿಗೆ ಮಾತ್ರ ಬಿದ್ದರೆ ಕಂಬವೇ ಬಾಗುತ್ತದೆ. ಇದನ್ನು ಕಂಡ ವಿದ್ಯಾರ್ಥಿಗೆ ಹಿಗ್ಗುವಿಕೆಯ ಸೂತ್ರವನ್ನು ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ. ಎರಡು ಮಧ್ಯಾಹ್ನಗಳ ಕೆಲಸದಲ್ಲಿ ಇಷ್ಟು ಪಾಠಗಳು ಒಟ್ಟಿಗೆ ಸಿಗುವುದಾದರೆ ಸಮಯ ಹಾಳಾಯಿತೆನ್ನಬಹುದೆ?

ಆದುದರಿಂದ ನನ್ನ ಸಲಹೆ ಸರಳವಾದುದು. ಹೊಸ ಯಂತ್ರ ಬಂದ ವಾರದಲ್ಲೇ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು, ನಾಲ್ಕಾರು ವಿದ್ಯಾರ್ಥಿಗಳ ತಂಡ ಅದನ್ನು ಅಳೆಯಲಿ. ಏಟು, ದೋಷ, ಮಿತಿ ಎಂಬ ಮೂರು ತಲೆಬರಹಗಳ ಕೆಳಗೆ, ದಿನಾಂಕ ಮತ್ತು ಕೋಣೆಯ ಉಷ್ಣತೆಯ ಸಹಿತವಾಗಿ, ಕಂಡ ಅಂಕೆಗಳನ್ನು ಒಂದೇ ಹಾಳೆಯಲ್ಲಿ ಬರೆಯಲಿ. ಅಳೆದವರು ಹೆಸರು ಬರೆದು ಸಹಿ ಮಾಡಲಿ. ಆ ಹಾಳೆಯ ಒಂದು ಪ್ರತಿ ದಾಸ್ತಾನು ಪುಸ್ತಕಕ್ಕೆ, ಇನ್ನೊಂದು ಯಂತ್ರದ ಪಕ್ಕದ ಗೋಡೆಗೆ. ಎರಕದ ಕಬ್ಬಿಣದೊಳಗೆ ಸಿಕ್ಕಿಕೊಂಡ ಸೆಳೆತಗಳು ತಿಂಗಳುಗಳು ಕಳೆದಂತೆ ಸಡಿಲಗೊಂಡು ಅದರ ಆಕಾರವನ್ನು ತುಸು ಬದಲಾಯಿಸಬಹುದಾದ್ದರಿಂದ, ಆರು ತಿಂಗಳ ಮೇಲೆ ಮುಂದಿನ ತಂಡ ಅದೇ ಅಳತೆಗಳನ್ನು ಮತ್ತೆ ಮಾಡಲಿ. ವರ್ಷಗಳು ಕಳೆದಂತೆ ಆ ಗೋಡೆಯ ಮೇಲೆ ಯಂತ್ರದ ನಿಜವಾದ ಜಾತಕ ಬೆಳೆಯುತ್ತದೆ. ಇದು ಮುಂದಾಗುವುದನ್ನು ಊಹಿಸುವ ಜಾತಕವಲ್ಲ, ಕಂಡುದನ್ನು ಹೇಳುವ ಜಾತಕ. ಆಗ ‘ಸುಸ್ಥಿತಿಯಲ್ಲಿ ತಲುಪಿದೆ’ ಎಂದು ಬರೆಯುವವರು ಧೈರ್ಯವಾಗಿ ಬರೆಯಬಹುದು, ಯಾರಾದರೂ “ಹೇಗೆ ಗೊತ್ತು?” ಎಂದು ಕೇಳಿದರೆ ಗೋಡೆಯ ಕಡೆಗೆ ಕೈತೋರಿಸಬಹುದು.